ಇನ್ನೊಂದು ಸುತ್ತಿನ ಖರ್ಚು

ಎಂಬತ್ತರ ದಶಕದಲ್ಲಿ ವಿಮಾನ ಹಾರಿಸಲು ಹೋದವರು ಎಲ್ಲಕ್ಕಿಂತ ಮೊದಲು ಕಲಿಯುತ್ತಿದ್ದುದು ಕಾಯುವುದನ್ನು. ನಾನು ಸೇರಿದ್ದು ನೆರೆರಾಜ್ಯದ ಒಂದು ಫ್ಲೈಯಿಂಗ್ ಕ್ಲಬ್ಬಿಗೆ. ಅದರ ಹೆಸರು ಇಲ್ಲಿ ಬೇಡ. ಲೆಕ್ಕಕ್ಕೆ ಅಲ್ಲಿ ಮೂರು ವಿಮಾನಗಳಿದ್ದವು. ಒಂದರ ಎಂಜಿನ್ ಓವರ್‌ಹಾಲ್‌ಗೆ ಹೋದದ್ದು ವಾಪಸು ಬಂದಿರಲಿಲ್ಲ. ಇನ್ನೊಂದು ಹ್ಯಾಂಗರಿನ ಮೂಲೆಯಲ್ಲಿ ರೆಕ್ಕೆ ಕಳಚಿಕೊಂಡು, ಹಾರಾಟಕ್ಕೆ ಯೋಗ್ಯ ಎಂಬ ಸರ್ಟಿಫಿಕೇಟಿನ ನವೀಕರಣಕ್ಕಾಗಿ ಕೂತಿತ್ತು. ಹಾರುತ್ತಿದ್ದುದು ಒಂದೇ ಒಂದು ಪುಷ್ಪಕ್. ಅದಕ್ಕಾಗಿ ಬೆಳಿಗ್ಗೆ ಆರು ಗಂಟೆಗೇ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ನಾವು ಹುಡುಗರೆಲ್ಲ ಸಾಲಾಗಿ ಕೂರುತ್ತಿದ್ದೆವು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹೆಸರುಗಳ ಪೈಕಿ ಮಧ್ಯಾಹ್ನದ ಗಾಳಿ ಏಳುವಷ್ಟರಲ್ಲಿ ಅರ್ಧದಷ್ಟು ಹೆಸರಿಗೆ ಸರದಿ ಬಂದರೆ ಅದೇ ಒಳ್ಳೆಯ ದಿನ. ಪೆಟ್ರೋಲಿನ ಡ್ರಮ್ಮು ಬರಲಿಲ್ಲ ಎಂದರೆ ಅದೂ ಇಲ್ಲ.

ಪುಷ್ಪಕ್ ಬೆಂಗಳೂರಿನದೇ ವಿಮಾನ. ವಾಯುಪಡೆಯ ಹುಡುಗರಿಗೆಂದು ವಿ.ಎಂ. ಘಾಟಗೆ ಅವರ ತಂಡ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ರೂಪಿಸಿ 1951ರಲ್ಲಿ ಹಾರಿಸಿತು. ನಾಗರಿಕ ಕ್ಲಬ್ಬುಗಳ ಪಾಲಿಗೆ ಬಂದದ್ದು 1958ರಲ್ಲಿ ಮೊದಲ ಸಲ ಹಾರಿದ ಪುಷ್ಪಕ್. ರೆಕ್ಕೆ ತಲೆಯ ಮೇಲೆ, ಅಕ್ಕಪಕ್ಕದಲ್ಲಿ ಎರಡು ಸೀಟು, ಮೈಮೇಲೆ ಬಣ್ಣ ಬಳಿದ ಬಿಗಿ ಬಟ್ಟೆ, ಮೂತಿಯಲ್ಲಿ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಬಾಲದ ಕಡೆ ಪುಟ್ಟ ಚಕ್ರ ಇದ್ದುದರಿಂದ ನೆಲದ ಮೇಲೆ ನಿಂತಾಗ ಮೂತಿ ಆಕಾಶ ನೋಡುತ್ತಿತ್ತು. ಮುಂದೆ ಏನಿದೆ ಎಂದು ಕಾಣಬೇಕಾದರೆ ಅಂಕುಡೊಂಕಾಗಿ ಓಡಿಸಬೇಕು. ಸ್ಟಾರ್ಟರ್ ಇರಲಿಲ್ಲ. ಮೆಕ್ಯಾನಿಕ್ ಒಬ್ಬರು ಮುಂದೆ ನಿಂತು ‘ಸ್ವಿಚ್ ಆಫ್’ ಎಂದು ಕೂಗಿ, ನಾವು ಒಳಗಿನಿಂದ ಅದನ್ನೇ ಕೂಗಿದ ಮೇಲೆ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಆಮೇಲೆ ‘ಕಾಂಟ್ಯಾಕ್ಟ್’, ಒಂದು ಜೋರು ಎಳೆತ. ನಮ್ಮ ವಿಮಾನದಲ್ಲಿ ರೇಡಿಯೊ ಕೂಡ ಇರಲಿಲ್ಲ. ಹೋಗು ಎನ್ನಲು ಹಸಿರು ದೀಪ, ಬೇಡ ಎನ್ನಲು ಕೆಂಪು ದೀಪ.

ಊರಿನಲ್ಲಿ ಸಣ್ಣ ವಿಮಾನ ಎಂದರೆ ಜನಕ್ಕೆ ಆಗ ನೆನಪಾಗುತ್ತಿದ್ದುದು ಒಂದೇ ಸುದ್ದಿ. 1980ರ ಜೂನ್ 23ರಂದು ದೆಹಲಿಯ ಸಫ್ದರ್‌ಜಂಗ್ ನಿಲ್ದಾಣದ ಹತ್ತಿರ ಪಿಟ್ಸ್ ಎಸ್-2ಎ ವಿಮಾನ ಬಿದ್ದು ಸಂಜಯ್ ಗಾಂಧಿ ಮತ್ತು ಜೊತೆಗಿದ್ದ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ತೀರಿಕೊಂಡಿದ್ದರು. ರಜೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಅದನ್ನೆತ್ತಿ ‘ಹುಷಾರಪ್ಪ’ ಎನ್ನುತ್ತಿದ್ದರು. ಅದು ಕಸರತ್ತು, ನಮ್ಮದು ಬರೀ ಸುತ್ತು ಎಂದು ನಾವು ಸಮಾಧಾನ ಹೇಳುತ್ತಿದ್ದೆವು. ಅದು ಸುಳ್ಳೇನಲ್ಲ. ನಮ್ಮ ಹಾರಾಟದ ಬಹುಭಾಗ ಒಂದೇ ಆಯತಾಕಾರದ ದಾರಿಯಲ್ಲಿ ಮುಗಿಯುತ್ತಿತ್ತು. ಏರುವುದು, ಎಡಕ್ಕೆ ತಿರುಗುವುದು, ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಬರುವುದು, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ, ಇಳಿಯುವುದು. ಸರ್ಕಿಟ್ ಎನ್ನುವುದು ಇದನ್ನೇ. ನೆಲದಿಂದ ಎಂಟುನೂರರಿಂದ ಸಾವಿರ ಅಡಿ ಮೇಲೆ, ಸುತ್ತಿಗೆ ಐದಾರು ನಿಮಿಷ. ಬೇಸರ ಬರುವಷ್ಟು ಸಲ ಅದನ್ನೇ ಮಾಡಬೇಕು.

ಇಳಿಯಲು ಬರುವಾಗ ಏನೋ ಸರಿಯಿಲ್ಲ ಎನಿಸಿದರೆ ಥ್ರಾಟಲ್ ಪೂರ್ತಿ ತಳ್ಳಿ ಮೇಲೇರಿ ಇನ್ನೊಂದು ಸುತ್ತು ಹಾಕಬೇಕು. ಗೋ ಅರೌಂಡ್ ಎನ್ನುತ್ತಾರೆ. ಪಾಠದಲ್ಲಿ ಅದು ಮೊದಲ ದಿನಗಳಲ್ಲೇ ಬರುತ್ತದೆ. ಬೆಂಚಿನ ಕಾನೂನೇ ಬೇರೆ ಇತ್ತು. ಗೋ ಅರೌಂಡ್ ಮಾಡಿದವನು ಅವತ್ತು ಎಲ್ಲರಿಗೂ ಚಹಾ ಕುಡಿಸಬೇಕು. ಯಾರು ಶುರು ಮಾಡಿದ್ದೋ ಗೊತ್ತಿಲ್ಲ. ನಾವು ಸೇರುವ ಹೊತ್ತಿಗೆ ಅದು ಸಂಪ್ರದಾಯವಾಗಿತ್ತು. ಇನ್‌ಸ್ಟ್ರಕ್ಟರುಗಳೂ ನಗುತ್ತ ಆ ಚಹಾ ಕುಡಿಯುತ್ತಿದ್ದರು. ಚಹಾದ ಖರ್ಚು ದೊಡ್ಡದಲ್ಲ. ಹೆಚ್ಚಿನ ಸುತ್ತಿನ ಐದಾರು ನಿಮಿಷ ನಮ್ಮ ಬಿಲ್ಲಿಗೆ ಸೇರುತ್ತಿತ್ತು, ಅದು ಹೆಚ್ಚು ಚುರುಕೆನಿಸುವ ವಿಷಯ. ಸರ್ಕಾರದ ಸಬ್ಸಿಡಿ ಇದ್ದರೂ ಗಂಟೆಯ ದರ ನಮ್ಮಂಥವರ ಮನೆಗೆ ಭಾರವೇ. ಅದಕ್ಕಿಂತ ಹೆಚ್ಚಾಗಿ, ಬೆಂಚಿನ ಮೇಲೆ ಕೂತ ಮುಂದಿನವನ ಸರದಿಯಿಂದ ಆ ಐದು ನಿಮಿಷ ಕಳೆಯುತ್ತಿತ್ತು. ಅವನು ಏನೂ ಅನ್ನುತ್ತಿರಲಿಲ್ಲ, ಗಡಿಯಾರ ನೋಡಿಕೊಳ್ಳುತ್ತಿದ್ದ.

ನಮ್ಮ ಜೊತೆ ಹಾಸನ ಕಡೆಯ ಒಬ್ಬ ಹುಡುಗನಿದ್ದ. ಕನ್ನಡದವರು ನಾವಿಬ್ಬರೇ ಆದ್ದರಿಂದ ರೂಮು ಕೂಡ ಒಂದೇ. ಅವರಪ್ಪ ಜಮೀನಿನ ಮೇಲೆ ಸಾಲ ಎತ್ತಿ ಇವನನ್ನು ಕಳಿಸಿದ್ದರು. ಇವನು ತಿಂಗಳಿಗೊಮ್ಮೆ ಊರಿಗೆ ಕಾಗದ ಬರೆದಾಗ ಹಾರಿದ ಗಂಟೆ, ನಿಮಿಷ, ಖರ್ಚಾದ ರೂಪಾಯಿ ಮೂರನ್ನೂ ಗೆರೆ ಹೊಡೆದು ಬರೆಯುತ್ತಿದ್ದ. ಒಳ್ಳೆಯ ಕೈ ಅವನದು. ನಮ್ಮೆಲ್ಲರಿಗಿಂತ ಮೊದಲು ಒಂಟಿಯಾಗಿ ಹಾರಲು ಬಿಟ್ಟದ್ದು ಅವನನ್ನೇ.

ಅವತ್ತು ಅವನು ಒಬ್ಬನೇ ಸರ್ಕಿಟ್ ಮಾಡುತ್ತಿದ್ದ. ಹಲಗೆಯ ಮೇಲೆ ಅವನ ನಂತರದ ಹೆಸರು ನನ್ನದು. ಹಾಗಾಗಿ ಅವನು ಎಲ್ಲಿದ್ದಾನೆ ಎಂಬ ಕಡೆಗೇ ನನ್ನ ಕಣ್ಣು. ಬೆಳಿಗ್ಗೆ ಸುಮ್ಮನಿದ್ದ ಗಾಳಿ ಅಷ್ಟರಲ್ಲಿ ಪಕ್ಕದಿಂದ ಎದ್ದಿತ್ತು. ಗಾಳಿಚೀಲ ಅರ್ಧ ತುಂಬಿ ರನ್‌ವೇಗೆ ಅಡ್ಡವಾಗಿ ತೂಗುತ್ತಿತ್ತು. ಕೊನೆಯ ತಿರುವಿಗೆ ಮುಂಚಿನ ಪಟ್ಟಿಯಲ್ಲಿ, ಬೇಸ್ ಎನ್ನುತ್ತಾರೆ ಅದನ್ನು, ಆ ಗಾಳಿ ಅವನ ಬೆನ್ನಿಗೆ ಬಿತ್ತು. ವಿಮಾನ ರನ್‌ವೇಯ ನೇರಕ್ಕೆ ಬೇಗ ಬಂದುಬಿಟ್ಟಿತು. ಅವನು ತಿರುಗಿಸಲು ಶುರು ಮಾಡುವಷ್ಟರಲ್ಲಿ ಅದು ಗೆರೆ ದಾಟಿ ಆಚೆಗೆ ಹೋಗಿತ್ತು. ‘ಓವರ್‌ಶೂಟ್ ಆದ’ ಎಂದ ಪಕ್ಕದವನು. ಚಹಾ ಸಿಕ್ಕಿತು ಎನ್ನುವ ಧಾಟಿಯಲ್ಲೇ ಅಂದದ್ದು.

ಮೇಲೇರಲಿಲ್ಲ. ತಿರುಗುತ್ತಲೇ ಇದ್ದ. ರೆಕ್ಕೆ ಅಷ್ಟೇನೂ ಓರೆಯಾಗಿರಲಿಲ್ಲ, ಮೂತಿ ಮಾತ್ರ ಒಳಕ್ಕೆ ಒಳಕ್ಕೆ ಬರುತ್ತಿತ್ತು. ಆಮೇಲೆ ಎಡರೆಕ್ಕೆ ಒಮ್ಮೆಗೇ ಕೆಳಗೆ ಮಡಚಿಕೊಂಡಿತು. ವಿಮಾನದ ಬೆನ್ನು ಪೂರ್ತಿ ಕಾಣಿಸಿತು. ಅರ್ಧ ಸುತ್ತು ತಿರುಗಿದ್ದನ್ನು ನೋಡಿದ್ದೇನೆ. ಉಳಿದದ್ದು ಮರಗಳ ಹಿಂದೆ. ಸದ್ದು ದೊಡ್ಡದೇನಿರಲಿಲ್ಲ.

ಜೀಪು ಬಳಸಿಕೊಂಡು ಹೋಗಬೇಕಿತ್ತು, ನಾವು ಬೇಲಿ ಹಾರಿ ಓಡಿದೆವು. ಬಿದ್ದದ್ದು ಆಗ ತಾನೇ ಕಿತ್ತು ಮುಗಿಸಿದ್ದ ಕಡಲೆಕಾಯಿ ಹೊಲದಲ್ಲಿ. ಮಣ್ಣು ಸಡಿಲವಾಗಿತ್ತು. ಎಡರೆಕ್ಕೆ ಮೊದಲು ತಾಗಿ ಮುರುಟಿಕೊಂಡಿತ್ತು, ಎಂಜಿನ್ ಅರ್ಧ ಹೂತಿತ್ತು, ಬಟ್ಟೆ ಹರಿದು ಒಳಗಿನ ಕೊಳವೆಗಳು ಹೊರಗೆ ಬಂದಿದ್ದವು. ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು, ಬೆಂಕಿ ಹತ್ತಿರಲಿಲ್ಲ. ನಮಗಿಂತ ಮೊದಲು ಅಲ್ಲಿಗೆ ತಲುಪಿದವಳು ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸು. ಅವನ ಸೊಂಟದ ಬೆಲ್ಟಿನ ಕೊಂಡಿ ಬಾಗಿ ಕಚ್ಚಿಕೊಂಡಿತ್ತು. ನಾವು ಅದನ್ನು ಎಳೆದಾಡುತ್ತಿದ್ದಾಗ ಅವಳು ನಮ್ಮನ್ನು ಪಕ್ಕಕ್ಕೆ ತಳ್ಳಿ, ಕೈಯಲ್ಲಿದ್ದ ಕುಡುಗೋಲನ್ನು ಬೆಲ್ಟಿನ ಕೆಳಗೆ ತೂರಿಸಿ, ಅಂಚು ಹೊಟ್ಟೆಗೆ ತಾಗದಂತೆ ಹೊರಮುಖವಾಗಿ ಹಿಡಿದು, ಎರಡು ಎಳೆತಕ್ಕೆ ಕತ್ತರಿಸಿದಳು. ಹೆಗಲ ಮೇಲೆ ಹಾದು ಬರುವ ಪಟ್ಟಿ ಆ ವಿಮಾನದಲ್ಲಿ ಇರಲೇ ಇಲ್ಲ. ಮುಖ ನೇರವಾಗಿ ಪ್ಯಾನೆಲ್ಲಿಗೆ ಹೊಡೆದು ದವಡೆ ಮುರಿದಿತ್ತು. ಬೆನ್ನೆಲುಬಿನ ಒಂದು ಮೂಳೆ, ಒಂದು ಕಾಲಿನ ಗೆಣ್ಣು. ಅವನು ಬದುಕಿದ.

ನಾಲ್ಕಾರು ದಿನ ಹಾರಾಟ ನಿಂತಿತು. ನಿಲ್ಲದೆ ಏನು ಮಾಡುತ್ತದೆ, ವಿಮಾನವೇ ಇರಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಅಧಿಕಾರಿಗಳು ಬಂದರು. ಲಾಗ್‌ಬುಕ್ಕುಗಳನ್ನು ವಶಕ್ಕೆ ತೆಗೆದುಕೊಂಡು, ಪೆಟ್ರೋಲಿನ ಸ್ಯಾಂಪಲ್ ಸೀಸೆಗೆ ತುಂಬಿಸಿ, ಟೇಪು ಹಿಡಿದು ಹೊಲವನ್ನೆಲ್ಲ ಅಳೆದು, ಕಂಟ್ರೋಲಿನ ತಂತಿಗಳೆಲ್ಲ ಸರಿಯಾಗಿದ್ದವೇ ಎಂದು ಬಿಡಿಬಿಡಿಯಾಗಿ ನೋಡಿದರು. ನಮ್ಮನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದರು: ಎತ್ತರ ಎಷ್ಟಿತ್ತು, ಎಂಜಿನ್ ಸದ್ದು ಹೇಗಿತ್ತು, ಗಾಳಿ ಯಾವ ಕಡೆಯಿಂದ. ಚಹಾದ ವಿಷಯ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ವರದಿ ನಮ್ಮ ಕೈಗೆ ಬರಲಿಲ್ಲ. ಬಂದದ್ದು ಎರಡು ಪದ: ಪೈಲಟ್ ಎರರ್. ಮೂಲೆಯಲ್ಲಿದ್ದ ಎರಡನೆಯ ಪುಷ್ಪಕ್ ರಿಪೇರಿಯಾಗಿ ಬಂತು. ಹಲಗೆಯ ಮೇಲೆ ಮತ್ತೆ ಹೆಸರು ಬರೆದರು, ಅವನದೊಂದನ್ನು ಬಿಟ್ಟು.

ಆ ಎರಡು ಪದ ತಪ್ಪೇನಲ್ಲ. ಎಂಜಿನ್ ಕೆಟ್ಟಿರಲಿಲ್ಲ, ತಂತಿ ಹರಿದಿರಲಿಲ್ಲ, ತಿರುಗಿಸಿದವನು ಅವನೇ. ಆದರೆ ಅವನು ಹಾಗೇಕೆ ತಿರುಗಿಸಿದ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ನಾನು ಅದನ್ನು ಅರ್ಥ ಮಾಡಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ, ಬಲಗಡೆಯ ಸೀಟಿನಲ್ಲಿ ಕೂತು ಬೇರೆಯವರಿಗೆ ಕಲಿಸಲು ಶುರು ಮಾಡಿದಾಗ.

ವಿಮಾನ ತಿರುಗುವಾಗ ರೆಕ್ಕೆ ಹೆಚ್ಚು ಭಾರ ಹೊರಬೇಕಾಗುತ್ತದೆ. ಹೊರಲಾರದ ಹಂತ, ಅಂದರೆ ಸ್ಟಾಲ್, ನೇರ ಹಾರಾಟಕ್ಕಿಂತ ಹೆಚ್ಚಿನ ವೇಗದಲ್ಲೇ ಬಂದುಬಿಡುತ್ತದೆ. ಎತ್ತರ ಕಳೆಯದೆ 30 ಡಿಗ್ರಿ ಓರೆಯಲ್ಲಿ, ಬ್ಯಾಂಕ್ ಎನ್ನುತ್ತಾರೆ ಇದನ್ನು, ತಿರುಗಿದರೆ ಆ ವೇಗ ಸುಮಾರು 7% ಏರುತ್ತದೆ, 45ಕ್ಕೆ 19%, 60ಕ್ಕೆ 41%. ಅದಕ್ಕೇ ಕೆಳಗಿದ್ದಾಗ ಓರೆ ಹೆಚ್ಚು ಮಾಡಬೇಡ ಎಂದು ಎಲ್ಲ ಇನ್‌ಸ್ಟ್ರಕ್ಟರುಗಳೂ ಹೇಳುತ್ತಾರೆ. ನಮಗೂ ಹೇಳಿದ್ದರು, ಬೆನ್ನಿಗೆ ಗುದ್ದಿ ಹೇಳಿದ್ದರು. ಈಗ ಹುಡುಗ ಗೆರೆ ದಾಟಿ ಆಚೆ ಹೋಗಿದ್ದಾನೆ. ಬೇಗ ತಿರುಗಬೇಕು, ಓರೆ ಹೆಚ್ಚು ಮಾಡುವಂತಿಲ್ಲ. ಇನ್ನೊಂದು ಸುತ್ತು ಹೋಗುವ ಮನಸ್ಸಿಲ್ಲ. ಉಳಿದದ್ದು ಕಾಲು. ಎಡ ರಡ್ಡರ್ ಒತ್ತಿದರೆ ಮೂತಿ ಎಡಕ್ಕೆ ಬರುತ್ತದೆ. ಆಗ ಹೊರಗಿನ ರೆಕ್ಕೆ ವೇಗ ಪಡೆದು ಮೇಲೇಳುತ್ತದೆ, ಓರೆ ತಾನಾಗೇ ಹೆಚ್ಚುತ್ತದೆ. ಅದನ್ನು ತಡೆಯಲು ಕೈ ಬಲಕ್ಕೆ ಹೋಗುತ್ತದೆ. ಒಳರೆಕ್ಕೆಯ ಹಿಂದಂಚಿನ ಅಲುಗು, ಏಲರಾನ್, ಕೆಳಗಿಳಿದು, ಮೊದಲೇ ದಣಿದ ಆ ರೆಕ್ಕೆ ಗಾಳಿಗೆ ಇನ್ನಷ್ಟು ಕಡಿದಾಗಿ ಎದುರಾಗುತ್ತದೆ. ಮೂತಿ ಇಳಿಯುತ್ತದೆ, ನೆಲ ಹತ್ತಿರ ಕಾಣುತ್ತದೆ, ಕೈ ಹಿಂದಕ್ಕೆ ಎಳೆಯುತ್ತದೆ. ಒಳರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಗಿರಗಿರನೆ ತಿರುಗುತ್ತ ಬೀಳುತ್ತದೆ. ಸ್ಪಿನ್ ಎನ್ನುವುದು ಇದನ್ನೇ. ಬೇಸ್‌ನಿಂದ ರನ್‌ವೇಯ ನೇರಕ್ಕೆ, ಅಂದರೆ ಫೈನಲ್‌ಗೆ, ತಿರುಗುವಾಗ ವಿಮಾನ ಇರುವುದು ನಾನೂರು ಐನೂರು ಅಡಿಯಲ್ಲಿ. ಸ್ಪಿನ್ನಿನಿಂದ ಹೊರಬರಲು ಬೇಕಾದ ಎತ್ತರ ಅಲ್ಲಿ ಇರುವುದಿಲ್ಲ.

ಅಂದರೆ ಅವನು ಎಚ್ಚರಿಕೆಯ ಮಾತನ್ನು ಮೀರಿ ಬೀಳಲಿಲ್ಲ. ಪಾಲಿಸಲು ಹೋಗಿ ಬಿದ್ದ. ಓರೆ ಹೆಚ್ಚು ಮಾಡಬೇಡ ಎಂಬುದರ ಜೊತೆಗೆ ‘ಗೆರೆ ದಾಟಿದರೆ ಬಿಟ್ಟುಬಿಡು, ಮೇಲೇರು’ ಎಂಬುದನ್ನೂ ಅಷ್ಟೇ ಜೋರಾಗಿ ಹೇಳಬೇಕಿತ್ತು. ನಾವು ಅದಕ್ಕೆ ಚಹಾದ ದಂಡ ಇಟ್ಟಿದ್ದೆವು.

ಇದು ನಮ್ಮ ಕ್ಲಬ್ಬೊಂದರ ಕಥೆ ಅಲ್ಲ. ಈ ಬೀಳುವಿಕೆಯ ನಕ್ಷೆ ವಿಮಾನಯಾನದಷ್ಟೇ ಹಳೆಯದು. ಅಮೆರಿಕದಲ್ಲಿ 1949ರಲ್ಲೇ ಖಾಸಗಿ ಪೈಲಟ್ ಲೈಸೆನ್ಸಿನ ಪರೀಕ್ಷೆಯಿಂದ ಸ್ಪಿನ್ ತೆಗೆದುಹಾಕಿದರು. ಸ್ಪಿನ್ನಿನಿಂದ ಹೊರಬರುವುದನ್ನು ಕಲಿಸುವ ಬದಲು ಸ್ಟಾಲಿನ ಹತ್ತಿರವೇ ಹೋಗದಂತೆ ಕಲಿಸೋಣ ಎಂಬ ಯೋಚನೆ. ಸರಿಯೋ ತಪ್ಪೋ ಎಂಬ ವಾದ ಇವತ್ತಿಗೂ ನಡೆಯುತ್ತಿದೆ. ಕೊನೆಯ ತಿರುವಿನ ಮಟ್ಟಿಗಂತೂ ಆ ವಾದದಿಂದ ಪ್ರಯೋಜನವಿಲ್ಲ. ಅಷ್ಟು ಕೆಳಗೆ ಹೊರಬರುವ ವಿದ್ಯೆ ಗೊತ್ತಿದ್ದವನಿಗೂ ಸಮಯ ಸಿಗುವುದಿಲ್ಲ.

ಈಗ ಎಷ್ಟೋ ಬದಲಾಗಿದೆ, ಬದಲಾದದ್ದರಲ್ಲಿ ಬಹಳಷ್ಟು ಒಳ್ಳೆಯದೇ. ಹೆಗಲಪಟ್ಟಿಯನ್ನೇ ತೆಗೆದುಕೊಳ್ಳಿ. 1978ರ ಜುಲೈ ನಂತರ ತಯಾರಾದ ಸಣ್ಣ ವಿಮಾನಗಳ ಮುಂದಿನ ಸೀಟುಗಳಿಗೆ ಅಮೆರಿಕ ಅದನ್ನು ಕಡ್ಡಾಯ ಮಾಡಿತು. ನಮ್ಮ ಶಾಲೆಗಳು ಪುಷ್ಪಕ್ ಬಿಟ್ಟು ಸೆಸ್ನಾ 152, 172 ತಂದಾಗ ಪಟ್ಟಿಯೂ ಜೊತೆಗೆ ಬಂತು. ಆ ಸೆಸ್ನಾ 152ರ ಎಡರೆಕ್ಕೆಯ ಅಂಚಿನಲ್ಲಿ ಒಂದು ಸಣ್ಣ ತೂತಿದೆ. ರೆಕ್ಕೆ ಸ್ಟಾಲಿನ ಹತ್ತಿರ ಬಂದರೆ ಆ ತೂತಿನಿಂದ ಗಾಳಿ ಹೊರಕ್ಕೆ ಹೀರಿಕೊಂಡು ಒಳಗಿನ ರೀಡು ಊಳಿಡುತ್ತದೆ. ವಿದ್ಯುತ್ತೂ ಬೇಡ, ಏನೂ ಬೇಡ. ಈಗಿನ ಡೈಮಂಡ್, ಟೆಕ್ನಾಮ್ ವಿಮಾನಗಳಲ್ಲಿ ಮುಳ್ಳಿನ ದುಂಡು ಮೀಟರುಗಳ ಜಾಗದಲ್ಲಿ ಬಣ್ಣದ ಪರದೆ. ಹಾರಿದ ದಾರಿ ಸೆಕೆಂಡು ಸೆಕೆಂಡಿನದೂ ದಾಖಲಾಗುತ್ತದೆ. ಹಾರುವ ಮುಂಚೆ ವಿದ್ಯಾರ್ಥಿಯೂ ಇನ್‌ಸ್ಟ್ರಕ್ಟರೂ ಮದ್ಯ ಪತ್ತೆ ಯಂತ್ರಕ್ಕೆ ಊದಬೇಕು. ನಮ್ಮ ಕಾಲದಲ್ಲಿ ರಾತ್ರಿ ಏನಾಗಿತ್ತು ಎಂದು ಬೆಳಿಗ್ಗೆ ಕೇಳುವವರಿರಲಿಲ್ಲ.

ತನಿಖೆಯ ರೀತಿಯೂ ಬದಲಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧ ಮೊದಲು ಒಪ್ಪಿತವಾದದ್ದು 1951ರಲ್ಲಿ. ತನಿಖೆ ಇರುವುದು ಮುಂದಿನ ಅಪಘಾತ ತಪ್ಪಿಸಲು, ಯಾರ ಮೇಲೂ ತಪ್ಪು ಹೊರಿಸಲು ಅಲ್ಲ ಎಂಬುದು ಅದರ ತಿರುಳು. ನಮ್ಮಲ್ಲಿ ಲೈಸೆನ್ಸ್ ಕೊಡುವವರು, ಶಾಲೆಗಳ ಮೇಲೆ ಕಣ್ಣಿಡುವವರು, ಬಿದ್ದರೆ ತನಿಖೆ ಮಾಡುವವರು ಎಲ್ಲ ಒಂದೇ ಇಲಾಖೆ ಎಂಬ ಸ್ಥಿತಿ ಬಹುಕಾಲ ಇತ್ತು. 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ, ಎಎಐಬಿ, ಬೇರೆಯಾಗಿ ಹುಟ್ಟಿತು. ಅದರ ವರದಿಗಳು ಈಗ ಇಂಟರ್ನೆಟ್ಟಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ವಿದ್ಯಾರ್ಥಿಗೆ ಎಷ್ಟು ಗಂಟೆಯ ಅನುಭವ, ಇನ್‌ಸ್ಟ್ರಕ್ಟರ್ ಏನು ಹೇಳಿದ್ದರು, ಶಾಲೆಯ ಮೇಲ್ವಿಚಾರಣೆ ಹೇಗಿತ್ತು ಎಂಬುದೆಲ್ಲ ಬರುತ್ತದೆ. ಕುಡುಗೋಲಿನ ಹೆಂಗಸು ಇಂದಿನ ವರದಿಯಾದರೆ ‘ಪಾರುಗಾಣಿಕೆ’ ಎಂಬ ತಲೆಬರಹದ ಕೆಳಗೆ ಒಂದು ಸಾಲಿನಲ್ಲಾದರೂ ಇರುತ್ತಿದ್ದಳು.

ಇಷ್ಟಾದರೂ ಬೀಳುವುದು ನಿಂತಿಲ್ಲ. 2023ರ ಮಾರ್ಚಿನಲ್ಲಿ ಮಧ್ಯಪ್ರದೇಶದ ಬಾಲಾಘಾಟ್ ಬೆಟ್ಟಗಳಲ್ಲಿ ತರಬೇತಿ ವಿಮಾನ ಬಿದ್ದು ಇನ್‌ಸ್ಟ್ರಕ್ಟರ್, ವಿದ್ಯಾರ್ಥಿನಿ ಇಬ್ಬರೂ ಸತ್ತರು. 2024ರ ಆಗಸ್ಟಿನಲ್ಲಿ ಜಮ್‌ಶೆಡ್‌ಪುರದಿಂದ ಏರಿದ ಸೆಸ್ನಾ 152 ಚಾಂಡಿಲ್ ಜಲಾಶಯದಲ್ಲಿ ಮುಳುಗಿತು. ಅವಶೇಷ ಎತ್ತಲು ನೌಕಾಪಡೆ ಬರಬೇಕಾಯಿತು. ಅಲ್ಲೂ ಎರಡು ಜೀವ. 2025ರ ಜುಲೈನಲ್ಲಿ ಕೆನಡಾದ ಮ್ಯಾನಿಟೋಬಾದಲ್ಲಿ ಸರ್ಕಿಟ್ ಅಭ್ಯಾಸ ಮಾಡುತ್ತಿದ್ದ ಇಬ್ಬರು ವಿದ್ಯಾರ್ಥಿಗಳ ವಿಮಾನಗಳು ಗಾಳಿಯಲ್ಲೇ ಡಿಕ್ಕಿಯಾದವು. ಸತ್ತವರಲ್ಲಿ ಒಬ್ಬ ಕೇರಳದ ಯುವಕ. ಎರಡೂ ವಿಮಾನಗಳಲ್ಲಿ ರೇಡಿಯೊ ಇತ್ತು. ಇವುಗಳಿಗೆಲ್ಲ ಒಂದೇ ಕಾರಣ ಕಟ್ಟುವುದು ತಪ್ಪು. ಬೆಟ್ಟ ಬೇರೆ, ನೀರು ಬೇರೆ, ಡಿಕ್ಕಿ ಬೇರೆ. ಹಿಂದಿನ ಕಾಲ ಒರಟು, ಈಗಿನದು ಸುರಕ್ಷಿತ ಎಂದು ಬರೆದು ಎದ್ದುಹೋಗುವಂತಿಲ್ಲ ಎನ್ನುವುದಕ್ಕಷ್ಟೇ ಇವನ್ನು ಹೇಳಿದೆ.

ನೆಲ ಬದಲಾದದ್ದನ್ನೂ ಹೇಳಬೇಕು. ನನ್ನ ಗೆಳೆಯ ಬದುಕಿದ್ದರಲ್ಲಿ ಸಡಿಲ ಮಣ್ಣಿನ ಪಾಲು ದೊಡ್ಡದು. ಆಗೆಲ್ಲ ಏರೋಡ್ರೋಮು ಎಂದರೆ ಊರ ಹೊರಗೆ, ಸುತ್ತ ಹೊಲ. ಎಂಜಿನ್ ನಿಂತರೆ ಎಲ್ಲಿಳಿಸುತ್ತೀ ಎಂದು ಇನ್‌ಸ್ಟ್ರಕ್ಟರ್ ಕೇಳಿದರೆ ಬೆರಳು ಮಾಡಿ ತೋರಿಸಲು ಹತ್ತು ಜಾಗ ಇದ್ದವು. ಬೆಂಗಳೂರಿನ ಜಕ್ಕೂರನ್ನು ಈಗ ನೋಡಿ. ನಲವತ್ತರ ದಶಕದ ಕೊನೆಯಲ್ಲಿ ಮೈಸೂರು ಅರಸರ ಕಾಲದಲ್ಲಿ ಅಲ್ಲಿ ಹಾರಾಟದ ಶಾಲೆ ಶುರುವಾದಾಗ ಅದು ಊರಿಂದ ಎಷ್ಟೋ ದೂರ. ಇವತ್ತು ಮೂರು ಕಡೆ ಬಡಾವಣೆ, ಒಂದು ಕಡೆ ಬಳ್ಳಾರಿ ರಸ್ತೆಯ ಮೇಲ್ಸೇತುವೆ. ಹೊಸ ತರಬೇತಿ ಶಾಲೆಗಳು ದೂರಕ್ಕೆ ಹೋಗುತ್ತಿರುವುದು ಸುಮ್ಮನೆ ಅಲ್ಲ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಶಾಲೆಗಳಿಗೆ ಜಾಗ ಹಂಚಿದ ಐದು ನಿಲ್ದಾಣಗಳಲ್ಲಿ ಎರಡು ನಮ್ಮವು: ಬೆಳಗಾವಿ, ಕಲಬುರಗಿ. 2023ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದ ಹತ್ತಿರ ತರಬೇತಿ ವಿಮಾನವೊಂದು ತುರ್ತಾಗಿ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ ಮಾತ್ರ. ಅಲ್ಲಿ ಹೊಲ ಇತ್ತು.

ಹಾಸನದವನನ್ನು ನಾನು ಮತ್ತೆ ಕಂಡದ್ದು ತಲೆ ನೆರೆತ ಮೇಲೆ, ಅವನ ಊರಿನಲ್ಲೇ. ಬಿತ್ತನೆ ಆಲೂಗಡ್ಡೆಯ ವ್ಯಾಪಾರ ಮಾಡುತ್ತಾನೆ. ಜಲಂಧರ್ ಕಡೆಯಿಂದ ಲಾರಿಗಟ್ಟಲೆ ಬರುವ ಗೆಡ್ಡೆಯನ್ನು ಮುಂಗಾರಿಗೆ ಮುಂಚೆ ಮಾರುವುದು. ನಡೆಯುವಾಗ ಒಂದು ಕಾಲು ತುಸು ಎಳೆಯುತ್ತದೆ. ಮೂಟೆಗಳ ಮಧ್ಯೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರಿಸಿದ. ವಿಮಾನದ ಮಾತು ನಾನು ಎತ್ತಲಿಲ್ಲ, ಅವನೇ ಎತ್ತಿದ.

“ಆಗ ಎಲ್ರೂ ಒಂದೇ ಮಾತು ಹೇಳಿದ್ರು ಕಣಯ್ಯ, ಇನ್ನೊಂದ್ ರೌಂಡ್ ಹೋಗಿದ್ರೆ ಆಗ್ತಿತ್ತು ಅಂತ. ನಂಗೇನು ಗೊತ್ತಿರ್ಲಿಲ್ವಾ? ಆ ರೌಂಡಿನ ದುಡ್ಡು ಯಾರು ಕೊಡ್ತಿದ್ರು?”

“ಐದು ನಿಮಿಷದ ದುಡ್ಡು.”

“ನಿಂಗೆ ಐದು ನಿಮಿಷ. ನಾನು ಪ್ರತಿ ತಿಂಗಳು ಅಪ್ಪಂಗೆ ಲೆಕ್ಕ ಬರೀತಿದ್ದೆ.” ಒಬ್ಬ ಗಿರಾಕಿ ಬಂದ. ಅವನಿಗೆ ಗೆಡ್ಡೆಯೊಂದನ್ನು ಕುಯ್ದು ಒಳಗಿನ ಬಣ್ಣ ತೋರಿಸಿ, ದರ ಹೇಳಿ ಕಳಿಸಿದ. ಆಮೇಲೆ ನನ್ನ ಕಡೆ ತಿರುಗಿ, “ಬ್ಯಾಂಕ್ ಜಾಸ್ತಿ ಮಾಡ್ಬೇಡ ಅಂದಿದ್ರಲ್ಲ, ಅದಕ್ಕೇ ಕಾಲಲ್ಲಿ ತಿರುಗಿಸ್ದೆ. ಅಷ್ಟೇ ಆಗಿದ್ದು” ಎಂದ. ದೂರುವ ಧಾಟಿ ಇರಲಿಲ್ಲ. ಜಮೀನಿನ ಸಾಲ ತೀರಿಸಲು ಅವನಿಗೆ ಬಹಳ ವರ್ಷ ಹಿಡಿದವಂತೆ. ಅದನ್ನೂ ಲೆಕ್ಕದ ಹಾಗೇ ಹೇಳಿದ.

ನಾನು ಇನ್‌ಸ್ಟ್ರಕ್ಟರಾಗಿ ಇದ್ದಷ್ಟು ಕಾಲ ನನ್ನ ಹುಡುಗರಿಗೆ ಗೋ ಅರೌಂಡಿನ ಚಹಾ ನಾನೇ ಕುಡಿಸುತ್ತಿದ್ದೆ. ಅದರಿಂದ ದೊಡ್ಡ ಕ್ರಾಂತಿಯೇನೂ ಆಗಲಿಲ್ಲ. ಆದರೆ ಗೋ ಅರೌಂಡುಗಳು ಹೆಚ್ಚಾದವು. ಹೆಚ್ಚಾದವೆಂದು ಶಾಲೆಯ ಆಡಳಿತದವರು ಒಮ್ಮೆ ಕರೆದು ಕೇಳಿದರು ಕೂಡ: ನಿಮ್ಮ ವಿದ್ಯಾರ್ಥಿಗಳು ಒಂದು ಗಂಟೆಯಲ್ಲಿ ಉಳಿದವರಷ್ಟು ಲ್ಯಾಂಡಿಂಗ್ ಮಾಡುತ್ತಿಲ್ಲವಲ್ಲ?

ಈಗ ಅಣ್ಣನ ಮಗಳು ಕಲಿಯುತ್ತಿದ್ದಾಳೆ. ಅವಳು ಓದುವ ಶಾಲೆಯಲ್ಲಿ ಗೋ ಅರೌಂಡಿಗೆ ದಂಡವಿಲ್ಲ. ಇಷ್ಟು ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ದಾರಿ, ಇಳಿಜಾರು ಮೂರೂ ಸರಿಯಿರದಿದ್ದರೆ ಮೇಲೇರಲೇಬೇಕು ಎಂದು ಗೋಡೆಯ ಮೇಲೆ ಬರೆದೇ ಹಾಕಿದ್ದಾರೆ. ಒಳ್ಳೆಯ ಬದಲಾವಣೆ. ರಜೆಗೆ ಬಂದಾಗ ಅವಳನ್ನು ಕೇಳಿದೆ, ಹಾಗೆ ಮೇಲೇರಿದರೆ ಯಾರಾದರೂ ಏನಾದರೂ ಅನ್ನುತ್ತಾರಾ ಎಂದು.

“ಯಾರೂ ಬೈಯಲ್ಲ ಚಿಕ್ಕಪ್ಪ. ಆದ್ರೆ ಬಿಲ್ ಆಗುತ್ತಲ್ಲ.”

ನಮ್ಮ ಕಾಲದ ಸಂಕಟ ವಿಮಾನ ಸಾಲದೆ ಬಂದದ್ದು. ಈಗ ವಿಮಾನಗಳಿವೆ, ಹಣದ್ದೇ ಸಂಕಟ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 200 ಗಂಟೆ ಹಾರಿರಬೇಕು, ಅದರಲ್ಲಿ 100 ಗಂಟೆ ತಾನೇ ಪೈಲಟ್ ಆಗಿ. ಎಲ್ಲ ಸೇರಿ ಐವತ್ತು ಲಕ್ಷ ದಾಟಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಮನೆಯ ಮೇಲೆ ಸಾಲ, ಶಿಕ್ಷಣ ಸಾಲ, ಅಜ್ಜಿಯ ಒಡವೆ. ಹಾರಾಟದ ಮೀಟರು ಎಂಜಿನ್ ಶುರುವಾದಾಗಿನಿಂದ ಓಡುತ್ತದೆ. ಗಂಟೆಗೆ ಕೊಡುವ ಮೊತ್ತ ಎಷ್ಟು ದೊಡ್ಡದೆಂದರೆ ಆರು ನಿಮಿಷದ ಸುತ್ತನ್ನೂ ಹುಡುಗರು ರೂಪಾಯಿಗೆ ಭಾಗಿಸಿ ಇಟ್ಟುಕೊಂಡಿರುತ್ತಾರೆ. ಅವಳೂ ಇಟ್ಟುಕೊಂಡಿದ್ದಳು, ಫೋನಿನಲ್ಲಿ. ಹಾಸನದ ಹುಡುಗ ಗೆರೆ ಹೊಡೆದ ಕಾಗದದಲ್ಲಿ ಬರೆಯುತ್ತಿದ್ದನಲ್ಲ, ಅದೇ ಮೂರು ಕಾಲಂ.

ಅಣ್ಣ 200 ಗಂಟೆಗೆ ಸರಿಯಾಗಿ ಲೆಕ್ಕ ಹಾಕಿ ಬ್ಯಾಂಕಿನಿಂದ ಸಾಲ ಮಂಜೂರು ಮಾಡಿಸಿಕೊಂಡಿದ್ದ. ಹದಿನೈದು ಗಂಟೆಯ ಹಣ ಬೇರೆ ಇಡು ಎಂದೆ. ಯಾವುದಕ್ಕೆ ಎಂದ. ಇಳಿಯದೆ ವಾಪಸು ಬರುವುದಕ್ಕೆ, ಗಾಳಿ ಎದ್ದರೆ ಅರ್ಧಕ್ಕೇ ನಿಲ್ಲಿಸುವುದಕ್ಕೆ, ಎಂಜಿನ್ ಸದ್ದಿನ ಮೇಲೆ ಅನುಮಾನ ಬಂದರೆ ಟ್ಯಾಕ್ಸಿ ಮಾಡಿದ್ದಷ್ಟೇ ಆಗಿ ಹ್ಯಾಂಗರಿಗೆ ಮರಳುವುದಕ್ಕೆ ಎಂದೆ. ಅದಕ್ಕೆ ಬ್ಯಾಂಕು ಕೊಡುವುದಿಲ್ಲ ಎಂದು ಗೊಣಗಿದ. ಆದರೂ ಒಂದು ಎಫ್‌ಡಿ ಮುರಿಸಿ ಅವಳ ಖಾತೆಗೆ ಹಾಕಿದ. ಹೊರಡುವ ದಿನ ಅವಳಿಗೆ ಹೇಳಿದೆ: ಕೋರ್ಸ್ ಮುಗಿಸಿ ಬಂದಾಗ ಆ ದುಡ್ಡು ಹಾಗೇ ಉಳಿದಿದ್ದರೆ ನನ್ನ ಹತ್ತಿರ ಬೈಸಿಕೊಳ್ಳಲು ರೆಡಿಯಾಗಿ ಬಾ.